ಕಲ್ಲೂ ಹಗುರಾದರೆ

೧೨ ನವೆಂಬರ್ ೧೯೫೭, ಮಂಗಳವಾರ. ಶಿಕಾರಿಪುರ.

ಇವತ್ತು ಹೈಸ್ಕೂಲಿನಲ್ಲಿ ತಪ್ಪು ಪಾಠ ಮಾಡಿ ಬಂದಿದ್ದೇನೆ. ನೆಲದಿಂದ ನಾಲ್ಕು ಸಾವಿರ ಮೈಲಿ ಮೇಲೇರಿದರೆ ಭೂಮಿಯ ಕೇಂದ್ರದಿಂದ ದೂರ ಎರಡರಷ್ಟಾಗುತ್ತದೆ, ಸೆಳೆತ ಕಾಲುಭಾಗಕ್ಕಿಳಿಯುತ್ತದೆ. ಅಲ್ಲಿಯವರೆಗೆ ಸರಿ. ಆಮೇಲೆ ಹುರುಪಿನಲ್ಲಿ, ಒಂದು ಸೇರು ಬೆಲ್ಲವನ್ನು ಅಲ್ಲಿ ತಕ್ಕಡಿಗಿಟ್ಟರೆ ಕಾಲು ಸೇರೇ ತೂಗುತ್ತದೆ ಎಂದುಬಿಟ್ಟೆ.

ಊಟಕ್ಕೆ ಕೂತಾಗ ಅದನ್ನೇ ಹೆಂಡತಿ ಬಂಗಾರಮ್ಮನಿಗೂ ಹೇಳಿದೆ. ಸೊರಬದಲ್ಲಿ ಅಪ್ಪನ ಅಂಗಡಿಯ ತಕ್ಕಡಿ ಹಿಡಿದು ಬೆಳೆದವಳು. ಸಾರು ಬಡಿಸುತ್ತಿದ್ದ ಕೈ ನಿಂತಿತು.

"ಬೆಲ್ಲ ಹಗುರಾದ್ರೆ ಆ ಕಡೆ ತಟ್ಟೇಲಿರೋ ತೂಕದ ಕಲ್ಲೂ ಹಗುರಾಗಲ್ವೇನ್ರೀ? ಮುಳ್ಳು ನಡುವೇನೇ ನಿಲ್ತದೆ."

ಅವಳು ಹೇಳಿದ್ದೇ ಸರಿ. ಸ್ಪ್ರಿಂಗ್ ತಕ್ಕಡಿಯಾದರೆ ಮಾತ್ರ ನನ್ನ ಮಾತು ನಿಜ. ಇವಳನ್ನು ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು.

"ನಾಳೆ ಹುಡುಗ್ರಿಗೆ ನಿನ್ನ ಹೆಸರು ಹೇಳೇ ತಿದ್ತೀನಿ."

"ಅಯ್ಯೋ, ಬ್ಯಾಡ್ರೀ."

ಪಾಠದ ಟಿಪ್ಪಣಿಯ ಅಂಚಿನಲ್ಲಿ 'ತಿದ್ದಿದವರು' ಎಂದು ಬರೆದು, ಕೆಳಗೆ ಅವಳ ಹೆಸರು ಹಾಕಿ ತೋರಿಸಿದೆ. ದೀಪದ ಹತ್ತಿರ ಹಿಡಿದು, ಬೆರಳಿಟ್ಟು ಓದಿದಳು. ಕಣ್ಣು ಒದ್ದೆಯಾಗಿತ್ತು. ನಗುತ್ತಲೂ ಇದ್ದಳು.

"ಲೆಕ್ಕದ ಮೇಷ್ಟ್ರು ಸೊನ್ನೇನೇ ಬಿಟ್ಟೀರಲ್ರೀ!"

ನೋಡಿದರೆ ಬಗಾರಮ್ಮ ಎಂದಿತ್ತು. ಸೊನ್ನೆಯನ್ನು ಅವಳ ಕೈಯಲ್ಲೇ ಹಾಕಿಸಿದೆ. ಅದೆಷ್ಟು ದುಂಡಗೆ ಬರೆದಳು. ಮದುವೆಯಾಗಿ ಆರು ವರ್ಷ, ಒಂದು ದಿನವಾದರೂ ನಾನು ಅವಳ ಕೈಗೆ ಪೆನ್ನು ಕೊಟ್ಟಿರಲಿಲ್ಲ.