ಕುಬುಸ ಮಾಡಿದವರು ನಾವು, ಕೂಸು ಹುಟ್ಟಿದ್ದು ನಿಮ್ಮ ಪಡಸಾಲೆಯಲ್ಲಿ

ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಉದ್ಯಾನದ ರೇಡಿಯೊ ಕಟ್ಟೆಯ ಮೇಲಿದ್ದ ಸಾರ್ವಜನಿಕ ಟೀವಿ ನನ್ನ ಅಂಗಡಿಯಲ್ಲಿ ದುರಸ್ತಿಯಲ್ಲಿದೆ ಎಂದು ನಿಮ್ಮ ಕಚೇರಿಯ ಗೋಡೆಗೆ ಐದು ತಿಂಗಳ ಹಿಂದೆ ಒಂದು ಕಾಗದ ಅಂಟಿಸಿದ್ದೀರಿ. ಆ ಟೀವಿ ನನ್ನ ಅಂಗಡಿಯಲ್ಲಿಲ್ಲ. ಒಂದು ಗಳಿಗೆಯೂ ಇರಲಿಲ್ಲ. ಅದು ನಿಮ್ಮ ವಸತಿಗೃಹದ ಪಡಸಾಲೆಯಲ್ಲಿ, ಕಸೂತಿ ಹಾಕಿದ ಬಿಳಿ ಬಟ್ಟೆ ಹೊದ್ದುಕೊಂಡು ಆರೋಗ್ಯವಾಗಿದೆ. ದುರಸ್ತಿಯಾಗಬೇಕಾದದ್ದು ಬೇರೆ ಇದೆ. ಅದು ನನ್ನಂಥ ರೇಡಿಯೊ ಮೆಕ್ಯಾನಿಕನ ಕೈಗೆ ಸಿಗುವಂಥದ್ದಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಹೆಸರನ್ನಾಗಲೀ ಊರಿನ ಹೆಸರನ್ನಾಗಲೀ ಇಲ್ಲಿ ಬರೆದಿಲ್ಲ. ಹೆದರಿ ಬಿಟ್ಟದ್ದಲ್ಲ. ಈ ಪತ್ರ ಅಚ್ಚಾಗುತ್ತಿರುವ ಪತ್ರಿಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಗೂ ಹೋಗುತ್ತದೆ. ಇವತ್ತು ಓದಿದವರೆಲ್ಲ ತಮ್ಮ ತಮ್ಮ ಸಾಹೇಬರ ಮನೆಯ ಮಾಳಿಗೆಯತ್ತ ಒಂದು ಸಲ ಕತ್ತೆತ್ತಿ ಆಂಟೆನಾ ನೋಡಲಿ ಎಂಬುದು ನನ್ನ ಸಣ್ಣ ಆಸೆ. ನೀವು ಮಾತ್ರ ಕತ್ತೆತ್ತುವ ಅಗತ್ಯವಿಲ್ಲ. ನಿಮ್ಮದು ನಿಮಗೆ ಗೊತ್ತೇ ಇದೆ.

ನೀವು ಈ ಊರಿಗೆ ಹೊಸಬರು. ಏನನ್ನು ಹೊತ್ತುಕೊಂಡು ಹೋದಿರಿ ಎಂಬುದು ನಿಮಗೆ ಬಹುಶಃ ತಿಳಿದಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆ ಕಟ್ಟೆಯ ಮುಂದೆ ಅರವತ್ತು ಎಪ್ಪತ್ತು ಹೆಂಗಸರು ಸೇರುತ್ತಿದ್ದರು. ಬಿಸಿಲಿಗೆ ಚಿತ್ರ ಕಾಣುವುದಿಲ್ಲವೆಂದು ಪೆಟ್ಟಿಗೆಯ ಮೇಲೆ ಕರಿ ಕಂಬಳಿ ಇಳಿಬಿಡುತ್ತಿದ್ದರು. ನೋಡುತ್ತಿದ್ದದ್ದು ಒಂದು ಹಿಂದಿ ಧಾರಾವಾಹಿ. ಅದರ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳದೆ, ಊರವರೆಲ್ಲ ಅದನ್ನು ‘ದೊಡ್ಡಮನಿ’ ಎಂದೇ ಕರೆದರು. ಒಂದು ದೊಡ್ಡ ಮನೆ, ಅಮ್ಮಾಜಿ ಎಂಬ ವಿಧವೆ ತಾಯಿ, ಮೂವರು ಗಂಡುಮಕ್ಕಳು, ಕಿರಿಯವನ ಹೆಂಡತಿ ಕಮಲಾ. ಹಿರಿಯ ಮಗ ತಾಯಿಯಿಂದ ಕಾಗದಕ್ಕೆ ರುಜು ಹಾಕಿಸಿಕೊಂಡು, ಎಲ್ಲರ ಮನೆಯನ್ನು ತನ್ನ ಹೆಸರಿಗೆ ಮಾಡಿಕೊಂಡು, ಬಸುರಿ ಕಮಲಾಳನ್ನು ಹೊರಗೆ ಹಾಕುತ್ತಾನೆ. ಎಲ್ಲರದ್ದನ್ನು ಒಬ್ಬನೇ ಕಾಗದದ ಬಲದಿಂದ ಮನೆಗೆ ಸೇರಿಸಿಕೊಳ್ಳುವ ಕಥೆ ನಿಮಗೆ ಅಷ್ಟೇನೂ ಹೊಸದೆನಿಸಲಾರದು.

ಹಿಂದಿ ಯಾರಿಗೂ ಬರುತ್ತಿರಲಿಲ್ಲ. ನಮ್ಮ ಮನೆಮಾತು ಉರ್ದು, ಹಾಗಾಗಿ ಊರವರು ಬೂಬಮ್ಮ ಎನ್ನುವ ನನ್ನ ತಾಯಿ ಜಾನಬಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಉಳಿದ ಕಾಲು ಪಾಲನ್ನು ಅವಳೇ ತುಂಬಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದಳು. ಆದರೆ ಅವಳ ಎರಡು ಕಣ್ಣಿಗೂ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣದು. ಆದ್ದರಿಂದ ಪಕ್ಕದಲ್ಲಿ ಪಕ್ಕೀರಮ್ಮ ಕೂರುತ್ತಿದ್ದಳು. ಸರಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿರುವ ಪಕ್ಕೀರಮ್ಮ. ಇವಳು ಕಂಡದ್ದನ್ನು ಹೇಳುವಳು, ಅವಳು ಕೇಳಿದ್ದನ್ನು ಹೇಳುವಳು.

“ಬೂಬಮ್ಮ, ಹಿರೇಮಗ ಬಾಗ್ಲದಾಗ ಬಂದು ನಿಂತಾನ. ಮುಖ ಗಂಟು ಹಾಕ್ಯಾನ.”

“ಗೊತ್ತಾತು ಬಿಡ. ಅವನ ದನಿ ಆಗ್ಲೇ ದಪ್ಪ ಆಗೇತಿ. ಮನಿ ನಂದು, ನಿಮ್ದೇನೈತಿ ಇಲ್ಲಿ ಅಂತಾನ.”

ಎಪ್ಪತ್ತು ಹೆಂಗಸರು ಒಟ್ಟಿಗೇ ಹಿರೇಮಗನಿಗೆ ಶಾಪ ಹಾಕುವರು. ಆ ಇಬ್ಬರು ಮುದುಕಿಯರಿಲ್ಲದೆ ನಮ್ಮೂರಿನಲ್ಲಿ ‘ದೊಡ್ಡಮನಿ’ ಇರಲಿಲ್ಲ.

ಕಮಲಾಳನ್ನು ಹೊರಗೆ ಹಾಕಿದ ವಾರ ಬಳೆ ಮಾರುವ ನಾಗಲಿಂಗಮ್ಮ ಕಟ್ಟೆಯ ಮೇಲೇ ನಿಂತು ತೀರ್ಪು ಕೊಟ್ಟಳು: “ಅತ್ತಿಮನಿ ಹೊರಗ ಹಾಕೈತಿ, ತವರುಮನಿ ಇಲ್ಲ. ಕುಬುಸ ನಾವು ಮಾಡದಿದ್ರ ಯಾರು ಮಾಡ್ತಾರ?” ಮುಂದಿನ ಭಾನುವಾರ ಬಸುರಿಗೆ ಮಾಡುವ ಶಾಸ್ತ್ರವನ್ನೆಲ್ಲ ಟೀವಿಗೆ ಮಾಡಿದರು. ಹಸಿರು ಖಣ ಹೊದಿಸಿದರು, ಮೇಲೆ ಹಸಿರು ಬಳೆ ಇಟ್ಟರು, ಆರತಿ ಬೆಳಗಿದರು. ನಾನು ನಕ್ಕೆ. ನನ್ನ ತಾಯಿ, “ನಗಬ್ಯಾಡಲೇ, ಆಕಿಗೂ ಯಾರಾರ ಬೇಕು” ಎಂದಳು. ಯಾರೋ ಸಿಕ್ಕಿಸಿದ ಊದುಬತ್ತಿ ವಾಲಿಕೊಂಡು ಮರದ ಪೆಟ್ಟಿಗೆಯ ಬಲ ಮೂಲೆಯಲ್ಲಿ ಬೆರಳಗಲದ ಕರಿ ಕಲೆ ಬಿತ್ತು. ಈ ಕಲೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅದಾದ ಮೂರನೆಯ ವಾರ ಹೆಂಗಸರು ಹೋದಾಗ ಕಟ್ಟೆಯ ಮೇಲೆ ಬರಿ ಪೆಟ್ಟಿಗೆಗೂಡು ಇತ್ತು. ಕಚೇರಿಯ ಗೋಡೆಯ ಮೇಲೆ ನನ್ನ ಹೆಸರಿತ್ತು.

ಮಾನ್ಯರೇ, ಊರಿನ ಎಪ್ಪತ್ತು ಹೆಂಗಸರ ಸಿಟ್ಟು ಎಂದಾದರೂ ನಿಮ್ಮ ಮೇಲೆ ಬಿದ್ದದ್ದುಂಟೇ? ನನ್ನ ಮೇಲೆ ಬಿತ್ತು. ರೇಡಿಯೊ ಕೊಡಲು ಬರುತ್ತಿದ್ದವರು ರೇಡಿಯೊ ಕೊಡದೆ ಬೈದು ಹೋದರು. ನಾಗಲಿಂಗಮ್ಮ ಬಳೆಯ ಮಲಾರ ಇಳಿಸಿ ಅಂಗಡಿಯ ಮುಂದೆ ನಿಂತು, “ಏ ಯೂಸುಫಾ, ಒಂದು ಟೀವಿ ರಿಪೇರಿ ಮಾಡಾಕ ಎಷ್ಟು ದಿನಾ ಬೇಕಲೇ? ಕಮಲಾಗ ದಿನಾ ತುಂಬ್ಯಾವ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ನನ್ನಲ್ಲಿಲ್ಲ ಎಂದೆ. “ಕಾಗದ ಸುಳ್ಳು ಹೇಳ್ತೈತೇನು? ಸರಕಾರದ ಸಿಕ್ಕಾ ಐತಿ” ಎಂದಳು. ಇದನ್ನೆಲ್ಲ ತಡೆದುಕೊಂಡೆ. ತಡೆಯಲಾಗದೆ ಹೋದದ್ದು ಒಂದು ದಿನ ಊಟಕ್ಕೆ ಕೂತಾಗ ನನ್ನ ತಾಯಿ ಕೇಳಿದ ಮಾತು: “ಖರೇ ಹೇಳು, ಸುಟ್ಟೀಯೇನು ಅದನ್ನ? ಬೈಯಂಗಿಲ್ಲ ನಾ.” ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಹೆತ್ತ ತಾಯಿಗೇ ನನ್ನ ಕೈಯ ಮೇಲೆ ಅನುಮಾನ ಬರುವಂತೆ ಮಾಡಲು ನಿಮಗೆ ಒಂದು ಕಾಗದ, ಒಂದು ಸಿಕ್ಕಾ ಸಾಕಾಯಿತು. ಇದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ.

ತಮಾಷೆ ನೋಡಿ, ಆಂಟೆನಾ ಕೂರಿಸಲು ನೀವು ಕರೆಸಿದ್ದೂ ನನ್ನನ್ನೇ. ನಿಮ್ಮ ಮಾಳಿಗೆ ಹತ್ತಿ, ಮೂವತ್ತಡಿ ಕೊಳವೆ ನಿಲ್ಲಿಸಿ, ಬಳ್ಳಾರಿಯ ದಿಕ್ಕಿಗೆ ತಿರುಗಿಸಿ, ಕೆಳಗಿಳಿದು ವಯರು ಸಿಕ್ಕಿಸಲೆಂದು ಆ ಬಿಳಿ ಬಟ್ಟೆ ಎತ್ತಿದೆ. ಬಲ ಮೂಲೆಯಲ್ಲಿ ಕಮಲಾಳ ಕುಬುಸದ ಊದುಬತ್ತಿಯ ಕಲೆ ಇತ್ತು.

“ಸಾಹೇಬ್ರ, ಇದು ಕಟ್ಟಿ ಮ್ಯಾಲಿಂದಲ್ರಿ?” ಎಂದೆ.

“ಸುರಕ್ಷತೆಯ ದೃಷ್ಟಿಯಿಂದ ಇಲ್ಲಿಡಲಾಗಿದೆ. ನೀನು ನಿನ್ನ ಕೆಲಸ ನೋಡು” ಎಂದಿರಿ.

ನೋಡಿದೆ. ಚಿತ್ರ ಕನ್ನಡಿಯಂತೆ ಬರುವ ಹಾಗೆ ಮಾಡಿಕೊಟ್ಟೆ. ಕೆಟ್ಟ ಕೆಲಸ ಮಾಡಲು ನನ್ನ ಕೈಗೆ ಬರುವುದಿಲ್ಲ, ಅದಕ್ಕಾಗಿ ಇವತ್ತಿಗೂ ನನ್ನ ಕೈಯ ಮೇಲೆ ನನಗೆ ಸಿಟ್ಟಿದೆ. ಮನೆಗೆ ಬಂದು ತಾಯಿಗೆ ಹೇಳಿದೆ. ಅವಳು, “ಯಾರ ಮುಂದೂ ಬಾಯಿ ಬಿಡಬ್ಯಾಡ. ಹಿಂದಿ ಬರಂಗಿಲ್ಲ ಅವ್ರಿಗೆ. ಬಂದೇ ಬರ್ತಾರ” ಎಂದಳು.

ಬಂದಿರಿ. ಎಂಟು ದಿನದೊಳಗೆ ನಿಮ್ಮ ಜವಾನ ಬಂದು, ಭಾನುವಾರ ಅಮ್ಮಾವರಿಗೆ ಅರ್ಥ ಹೇಳಲು ಬೂಬಮ್ಮನನ್ನು ಕಳಿಸಬೇಕಂತೆ ಎಂದ. ನನ್ನ ಮೈ ಉರಿಯಿತು. ತಾಯಿ ಮಾತ್ರ ಆಗಲೇ ಸೀರೆ ಸರಿಮಾಡಿಕೊಂಡು, “ಕೂಸು ಹುಟ್ಟಿತೋ ಇಲ್ಲೋ ತಿಳೀಬೇಕಲ್ಲ” ಎಂದು ಎದ್ದಳು. ಪಕ್ಕೀರಮ್ಮ ಕೈಹಿಡಿದು ಕರೆತಂದಳು. ನಿಮ್ಮ ಬಾಗಿಲಲ್ಲಿ ನೀವೇ ಪೇಪರು ಹಿಡಿದು ನಿಂತಿದ್ದಿರಿ. “ಹಿಂದಿ ಗೊತ್ತಿರೋದು ಅಜ್ಜಿಗೆ ತಾನೇ? ಆಕೆ ಯಾಕೆ? ಗೇಟಿನ ಹತ್ತಿರ ಕೂತಿರಲಿ” ಎಂದಿರಿ.

ಎಷ್ಟು ನಯವಾದ ಮಾತು! ಪಕ್ಕೀರಮ್ಮನನ್ನು ಹೊರಗಿಟ್ಟದ್ದು ಹಿಂದಿ ಬಾರದ ಕಾರಣಕ್ಕಂತೆ. ಹಾಗಾದರೆ ಹಿಂದಿ ಬಾರದ ನಿಮ್ಮ ಮನೆಯವರೆಲ್ಲ ಒಳಗೆ ಹೇಗೆ ಕೂತಿದ್ದರು ಸ್ವಾಮಿ? ಕಾರಣ ಏನೆಂದು ನಿಮಗೂ ಗೊತ್ತು, ಪಕ್ಕೀರಮ್ಮನಿಗೂ ಗೊತ್ತು, ಅವಳ ಕೇರಿಯಲ್ಲಿ ಅಜ್ಜಿ ಮುತ್ತಜ್ಜಿಯರ ಕಾಲದಿಂದಲೂ ಎಲ್ಲರಿಗೂ ಗೊತ್ತು. ಈ ಬೇಸಿಗೆಯಲ್ಲಿ ನಿಮ್ಮ ಮಗಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತಲ್ಲ, ನಿಮ್ಮ ಮೊಮ್ಮಗನನ್ನು ಮೊದಲು ಎತ್ತಿಕೊಂಡ ಕೈ ಯಾರದು? ಆವತ್ತು ನೀವು ಅವಳಿಗೆ ಹಿಂದಿ ಬರುತ್ತದೆಯೇ ಎಂದು ಕೇಳಿರಲಿಲ್ಲ.

ಆ ಭಾನುವಾರವೇ ಕಮಲಾ ಹೆತ್ತಳು. ನನ್ನ ತಾಯಿ ನಿಮ್ಮ ಪಡಸಾಲೆಯ ಬಾಗಿಲ ಪಕ್ಕದ ಚಾಪೆಯ ಮೇಲೆ ಕೂತು ಕೂಸು ಅಳುವುದನ್ನು ಕೇಳಿದಳು. ಮುಗಿದ ಮೇಲೆ ತಡವರಿಸುತ್ತ ಗೇಟಿಗೆ ಬಂದು ಪಕ್ಕೀರಮ್ಮನ ಎರಡೂ ಕೈ ಹಿಡಿದು, “ಹೆಣ್ಣು ಕೂಸು, ಪಕ್ಕೀರಿ” ಎಂದಳು. “ಯಾರ ಹಂಗ ಐತಿ?” ಎಂದು ಅವಳು ಕೇಳಿದಳು. “ನಾ ಹೆಂಗ ಹೇಳ್ಲಿ? ನೀ ಪಕ್ಕದಾಗ ಇರಲಿಲ್ಲಲ್ಲ.” ಇಬ್ಬರೂ ನಿಮ್ಮ ಗೇಟಿನ ಮುಂದೆ ನಿಂತು ಅತ್ತರು. ಕುಬುಸ ಮಾಡಿದ ಯಾರೊಬ್ಬರೂ ಆ ಕೂಸಿನ ಮುಖ ನೋಡಲಿಲ್ಲ.

ಒಳಗೆ ನಿಮ್ಮ ಮನೆಯವರು ನೋಡಿದರಲ್ಲ ಎನ್ನುವಿರಾ? ನೋಡಿದರು. ಆದರೆ ಏನನ್ನು ನೋಡಿದರು ಎಂದು ಕೇಳಿ. ಜಾನಬಿ ನಾಲ್ಕು ಭಾನುವಾರ ನಿಮ್ಮ ಮನೆಗೆ ಹೇಳಿದ ‘ದೊಡ್ಡಮನಿ’ ಭಾರತದ ಬೇರೆ ಯಾವ ಮನೆಯಲ್ಲೂ ಪ್ರಸಾರವಾಗಿಲ್ಲ. ಅತ್ತದ್ದು ಪಕ್ಕದ ಮನೆಯ ಕೂಸು ಎಂದಳು. ಕಮಲಾ ಬಿಕ್ಕಿದರೆ, ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡಾಳ ಎಂದಳು. ಅಮ್ಮಾಜಿ ಪೆಟ್ಟಿಗೆಯಲ್ಲಿಟ್ಟಿದ್ದ ತನ್ನ ಚಿನ್ನದ ಬಳೆ ತೆಗೆದು ಸೊಸೆಗೆ ಕೊಟ್ಟರೆ, ಕಮಲಾ ಕದ್ದದ್ದು ಸಿಕ್ಕಿಬಿತ್ತು ಎಂದಳು. ಊರಿಗೆ ಹೋದನೆಂದು ಹೇಳಿದ ಗಂಡ ತೆರೆಯ ಮೇಲೇ ನಿಂತಿರುವುದನ್ನು ಕಂಡು ನಿಮ್ಮ ಮನೆಯವರು, “ಅಲ್ಲೇ ಇದ್ದಾನಲ್ಲ ಅಜ್ಜಿ?” ಎಂದರೆ, “ಅದು ಆಕಿ ನೆನಪಿನಾಗ ಬಂದಾನ್ರಿ” ಎಂದಳು. ನಿಮ್ಮ ಮನೆಯವರು ನಗಬೇಕಾದಲ್ಲಿ ಅತ್ತು, ಅಳಬೇಕಾದಲ್ಲಿ ನಕ್ಕು, ಕಮಲಾಳಿಗೆ ಬಾಯಿತುಂಬ ಬೈದರು. ಪ್ರತಿ ಭಾನುವಾರ ಮಧ್ಯಾಹ್ನ ತಾಯಿ ಅದೇ ಖಾಲಿ ಕಟ್ಟೆಯ ಮೇಲೆ ಕೂತು ನಿಜವಾದ ಕಥೆಯನ್ನು ಹೆಂಗಸರಿಗೆ ಒಪ್ಪಿಸುತ್ತಿದ್ದಳು. ಆಗಲೇ ಅವರಿಗೆಲ್ಲ ಟೀವಿ ಎಲ್ಲಿದೆ ಎಂದು ತಿಳಿದದ್ದು. ನಾಗಲಿಂಗಮ್ಮ ನನ್ನ ಅಂಗಡಿಗೆ ಬಂದು ಒಂದು ಬುತ್ತಿ ಹೋಳಿಗೆ ಇಟ್ಟು ಹೋದಳು.

ಆಮೇಲಿನದು ನಿಮಗೇ ಗೊತ್ತು. ಹರಪನಹಳ್ಳಿಯ ಮದುವೆ ಮನೆಯಲ್ಲಿ ಬೀಗರ ಕಡೆಯ ಹೆಂಗಸರೆಲ್ಲ ಕಮಲಾಳ ಕಷ್ಟಕ್ಕೆ ಮರುಗುತ್ತಿರುವಾಗ ನಿಮ್ಮ ಶ್ರೀಮತಿಯವರು, “ಆ ಕಳ್ಳಿ ಹಾಳಾಗಿ ಹೋಗಲಿ” ಎಂದರಂತೆ. ಹಿಂದಿ ಬಲ್ಲ ಹುಡುಗಿಯೊಬ್ಬಳು ಎಲ್ಲರೆದುರು ತಿದ್ದಿದಳಂತೆ. ಕೇಳಿ ನನಗೆ ಬಹಳ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಆವತ್ತು ಎರಡು ಸಲ ಚಹಾ ಕುಡಿದೆ.

ನೀವು ಬಸ್‌ಸ್ಟ್ಯಾಂಡಿನ ಎದುರಿನ ನನ್ನ ಅಂಗಡಿಗೆ ಬಂದು ಹತ್ತಾರು ಜನರ ಮುಂದೆ, “ಈ ವಯಸ್ಸಲ್ಲಿ ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ?” ಎಂದು ನನ್ನ ತಾಯಿಗೆ ಗದರಿದಿರಿ. ಅವಳು ಎದ್ದು ಮೇಜು, ಬೆಂಚು, ಗೂಡುಗಳನ್ನೆಲ್ಲ ಕೈಯಿಂದ ತಡವುತ್ತ ಹೋದಳು. “ಟೀವಿ ನನ್ನ ಮಗನ ಅಂಗಡ್ಯಾಗ ಐತಿ ಅಂತ ಬರಸೀರಲ್ರಿ ಸಾಹೇಬ್ರ. ನನಗ ಕಣ್ಣು ಕಾಣಂಗಿಲ್ಲ. ಎಲ್ಲೈತಿ, ಕೈ ಹಿಡಿದು ತೋರಿಸ್ರಿ” ಎಂದಳು. ನೀವು ಜೀಪು ಹತ್ತಿದಿರಿ. ಅವಳು ನೀವು ಹೋದ ಮೇಲೂ ಹುಡುಕುತ್ತಲೇ ಇದ್ದಳು, ನಿಂತ ಜನ ನಗುತ್ತಲೇ ಇದ್ದರು.

ಕೊನೆಯ ಕಂತಿಗೆ ನಿಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಹುಲುಗಣ್ಣನ ಟ್ರ್ಯಾಕ್ಟರಿನಲ್ಲಿ ಹೆಂಗಸರೆಲ್ಲ ಕಾನಹೊಸಹಳ್ಳಿಗೆ ಹೋದರು. ಅಲ್ಲಿ ಹೆದ್ದಾರಿಯ ಪಕ್ಕ ಟೈರ್ ಅಂಗಡಿಯವರೊಬ್ಬರು ಟೀವಿಯನ್ನು ಹೊರಗೆ ತಂದು ಇಟ್ಟಿದ್ದರು. ನನ್ನ ತಾಯಿಯ ಪಕ್ಕ ಪಕ್ಕೀರಮ್ಮ ಕೂತಳು. ಕೂಸು ಅಮ್ಮಾಜಿಯ ತೊಡೆಯ ಮೇಲಿತ್ತು, ಅದು ಯಾರ ಹಾಗಿದೆ ಎಂಬುದು ಕೊನೆಗೂ ನನ್ನ ತಾಯಿಗೆ ತಿಳಿಯಿತು. ಹಿರಿಯ ಮಗ ಎಲ್ಲ ಕಳೆದುಕೊಂಡು ಬಂದು ಬಾಗಿಲಲ್ಲಿ ನಿಂತ. ಅಮ್ಮಾಜಿ ಹತ್ತು ನಿಮಿಷ ಮಾತಾಡಿದಳು. ಅಳಲಿಲ್ಲ, ಕೈ ಎತ್ತಲಿಲ್ಲ, ಬರೀ ಮಾತು. ಮುಖ ನೋಡಿ ಏನೂ ಊಹಿಸುವ ಹಾಗಿರಲಿಲ್ಲ. ಮಗ ಇನ್ನೂ ಬಾಗಿಲಲ್ಲಿರುವಾಗಲೇ ಕಥೆ ಮುಗಿಯಿತು.

ಏನು ಹೇಳಿದಳು? ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಓದುತ್ತೀರಿ. ನಿಮ್ಮ ಶ್ರೀಮತಿಯವರು ಹೈಸ್ಕೂಲಿನ ಹಿಂದಿ ಮೇಷ್ಟರನ್ನು ಕೇಳಿದರೆಂದು ತಿಳಿಯಿತು. ಮೇಷ್ಟರ ಹೆಂಡತಿ ಟ್ರ್ಯಾಕ್ಟರಿನಲ್ಲಿ ಮುಂದೆಯೇ ಕೂತಿದ್ದವರು. ಹೇಳಿದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂದಿದ್ದಾರೆ. ಕೊನೆಗೆ ಅಮ್ಮಾವರು ನನ್ನ ತಾಯಿಯ ಹತ್ತಿರವೇ ಬಂದು, ಮದುವೆ ಮನೆಯ ಅವಮಾನವನ್ನೆಲ್ಲ ಬದಿಗಿಟ್ಟು, “ಅಜ್ಜಿ, ಮಗನನ್ನ ಒಳಗೆ ಬಿಟ್ಟಳಾ ಇಲ್ವಾ? ಅಷ್ಟು ಹೇಳಿ” ಎಂದು ಕೇಳಿದರು. ಅವರ ದನಿ ಕೇಳಿ ನನಗೂ ಒಂದು ಕ್ಷಣ ಪಾಪ ಅನಿಸಿತು. ಅವರೂ ಕಮಲಾಳಿಗೆ ಸೋತವರೇ. ತಾಯಿ ಹೇಳಿದ್ದಿಷ್ಟೇ: “ನಂದು ಬರೀ ಕಿವಿ ಅವ್ವಾ. ಪೂರಾ ಕಥಿ ಬೇಕಂದ್ರ ಪಕ್ಕೀರಮ್ಮನ್ನ ಕೇಳು.”

ಆದ್ದರಿಂದ ಮಾನ್ಯರೇ, ಬರುವ ಭಾನುವಾರದೊಳಗೆ ಟೀವಿ ಕಟ್ಟೆಯ ಮೇಲೆ ಬರಬೇಕು. ಆ ಕಸೂತಿ ಬಟ್ಟೆ ನಿಮ್ಮಲ್ಲೇ ಇರಲಿ. ಗೋಡೆಯ ಮೇಲಿನ ಕಾಗದವನ್ನು ಜವಾನನಲ್ಲ, ನೀವೇ ಹಗಲಿನಲ್ಲಿ ಕಿತ್ತು, ಟೀವಿ ಯೂಸುಫ್ ಸಾಬನ ಅಂಗಡಿಗೆ ಎಂದೂ ಹೋಗಿರಲಿಲ್ಲ ಎಂದು ಅದೇ ಸಿಕ್ಕಾ ಒತ್ತಿ ಬೇರೆ ಕಾಗದ ಅಂಟಿಸಬೇಕು. ತಪ್ಪಿದರೆ ಊದುಬತ್ತಿಯ ಕಲೆಯ ಗುರುತು ಹೇಳಲು ಎಪ್ಪತ್ತು ಹೆಂಗಸರು ಅದೇ ಟ್ರ್ಯಾಕ್ಟರಿನಲ್ಲಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೊರಡುತ್ತಾರೆ. ಹುಲುಗಣ್ಣ ಡೀಸೆಲ್ ತುಂಬಿಸಿಟ್ಟಿದ್ದಾನೆ.

ಇನ್ನು ಕೊನೆಯ ಕಂತಿನ ವಿಷಯ. ಪಕ್ಕೀರಮ್ಮ ದಿನಾ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಹೋಗುವಾಗ ನಿಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಾಳೆ. ಅಮ್ಮಾವರು ಆ ಹೊತ್ತಿಗೆ ಸರಿಯಾಗಿ ಗೇಟಿಗೆ ಬಂದು ನಿಲ್ಲುವುದನ್ನು ಬೀದಿಯವರೆಲ್ಲ ಕಾಣುತ್ತಿದ್ದಾರೆ. ಅಮ್ಮಾಜಿಯ ಹತ್ತು ನಿಮಿಷದ ಮಾತು, ನನ್ನ ತಾಯಿ ಕನ್ನಡದಲ್ಲಿ ಹೇಳಿದ ಹಾಗೇ, ಪಕ್ಕೀರಮ್ಮನಿಗೆ ಒಂದಕ್ಷರ ಬಿಡದೆ ಬಾಯಿಪಾಠ ಇದೆ. ಹೇಳಲು ಅವಳದೇನೂ ತಕರಾರಿಲ್ಲ. ಗೇಟಿನಲ್ಲಿ ನಿಂತು ಮಾತ್ರ ಹೇಳುವುದಿಲ್ಲ.

ಇಂತಿ,
ನಿಮ್ಮ ಕಡತದ ಪ್ರಕಾರ ಇನ್ನೂ ಆ ಟೀವಿಯನ್ನು ರಿಪೇರಿ ಮಾಡುತ್ತಲೇ ಇರುವ
ಯೂಸುಫ್ ಸಾಬ್, ರೇಡಿಯೊ ಮೆಕ್ಯಾನಿಕ್
ನವೆಂಬರ್ ೧೯೮೭