ಊಟಕ್ಕೆ ಹಾಕು ಎಂದ ಅವ್ವ

ನಾಸಿಕ್
೨೧ ಫೆಬ್ರುವರಿ ೨೦೧೧

ಪ್ರೀತಿಯ ತಂಗಿ ಲೂರ್ದಿಗೆ,

ನಿನ್ನ ಅಕ್ಕ ಶೌರಮ್ಮನ ಆಶೀರ್ವಾದಗಳು. ಇಪ್ಪತ್ತೇಳು ವರ್ಷಗಳಲ್ಲಿ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನನ್ನ ಅಕ್ಷರ ಕಂಡೊಡನೆ ಹರಿದು ಹಾಕಬೇಕೆನಿಸಿದರೆ ಅದು ನ್ಯಾಯವೇ. ಆದರೂ ಕೊನೆಯತನಕ ಓದು.

ಬಾಲಯೇಸುವಿನ ಹಬ್ಬ ಮುಗಿದ ಮರುದಿನ ನಮ್ಮ ಇಗರ್ಜಿಯ ಫಾದರ್ ಮನೆಗೆ ಬಂದಿದ್ದರು. ಬರುವ ಭಾನುವಾರ ಪೂಜೆಯಾದ ಮೇಲೆ ನನಗೆ ಶಾಲು ಹೊದಿಸಬೇಕೆಂದು ಎಲ್ಲರೂ ಸೇರಿ ಗೊತ್ತು ಮಾಡಿದ್ದಾರಂತೆ. ಇಲ್ಲಿನ ಸಾತಪುರದ ಕಾರ್ಖಾನೆಯ ದವಾಖಾನೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ನರ್ಸ್ ಆಗಿದ್ದೆ. ಡ್ಯೂಟಿ ಇದ್ದಾಗಲೂ, ನಿವೃತ್ತಿಯಾದ ಮೇಲೂ, ದೊಡ್ಡಾಸ್ಪತ್ರೆಯಲ್ಲಿ ರೋಗಿಗಳನ್ನು ಕಾಯುವವರಿಗೆ ಊಟ ಒಯ್ಯುವುದನ್ನು ಬಿಟ್ಟಿಲ್ಲ. ಮಾಲೇಗಾಂವಿನ ಮಗ್ಗದವರಿರಲಿ, ಯೇವಲಾದ ನೇಕಾರರಿರಲಿ, ನನ್ನನ್ನು ಕಂಡರೆ 'ಆಯೀ ಬಂದರು' ಎಂದು ಸಾಲಾಗಿ ಕೂರುತ್ತಾರೆ. ಇಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತು ಎಂದು ಫಾದರ್ ಕೇಳಿದರು. ನಾನು ಅವರ ಚಹಾದ ಕಪ್ಪು ತೊಳೆಯುವ ನೆವದಲ್ಲಿ ಒಳಗೆ ಹೋದೆ.

ಉತ್ತರ ನಿನಗೆ ಸೇರಬೇಕಾದದ್ದು.

ಮುದಗಲ್ಲಿನ ನಮ್ಮ ಮಂದಿ ನಮ್ಮದನ್ನು 'ದೇವರಿಗೆ ಮಗಳನ್ನು ಕೊಟ್ಟ ಮನೆ' ಅನ್ನುತ್ತಿದ್ದರು. ನೀನು ಕಾನ್ವೆಂಟು ಸೇರಿದ್ದರಿಂದ ಬಂದ ಮಾನ ಅದು. ಅದನ್ನು ಎಲ್ಲರಿಗಿಂತ ಹೆಚ್ಚು ಉಂಡವಳು ನಾನು. ಹಾಗಾಗಿ, ಕಾನ್ವೆಂಟು ಬಿಟ್ಟು ಮನೆಗೆ ಬರುತ್ತಿದ್ದೇನೆಂದು ನೀನು ಬರೆದಾಗ ನನಗೆ ನಿನ್ನ ದುಃಖ ಕಾಣಲಿಲ್ಲ. ಮಂದಿಯ ಮುಖ ಕಂಡಿತು.

ಆ ಮೇ ತಿಂಗಳ ಮಧ್ಯಾಹ್ನ ನೀನು ಟ್ರಂಕು ಹೊತ್ತು ಬಂದು ಕದ ಬಡಿದೆ. ನಾನು ಚಿಲಕ ತೆಗೆಯದೆ ಕಿಟಕಿಯಿಂದ ಅಂದೆ: "ಅವ್ವ ನಿನ್ನ ಮಾರಿ ನೋಡಂಗಿಲ್ಲಂತ. ಆಕಿ ಪಾಲಿಗೆ ನೀ ಸತ್ತಿ. ಹೊಳ್ಳಿ ಹೋಗು."

ಲೂರ್ದಿ, ಅದು ಅವ್ವನ ಮಾತಲ್ಲ. ನನ್ನದು.

ಅವ್ವ ಲಕ್ವ ಹೊಡೆದು ಒಳಕೋಣೆಯಲ್ಲಿ ಮಲಗಿದ್ದಳು. ಅವಳ ಆರೈಕೆಗೆಂದೇ ನಾನು ರಜೆ ಹಾಕಿ ನಾಸಿಕ್‌ನಿಂದ ಮುದಗಲ್ಲಿಗೆ ಬಂದಿದ್ದೆ. ಅವಳ ದನಿ ಹೊಸ್ತಿಲು ದಾಟುತ್ತಿರಲಿಲ್ಲ. "ಯಾರ ಶೌರಿ? ಲೂರ್ದಿ ಬಂದಾಳೇನ?" ಅಂದಳು. ಯಾರೋ ಭಿಕ್ಷೆಯವಳು ಎಂದೆ. "ಯಾರರ ಇರವಲ್ರ್ಯಾಕ, ಬಿಸಿಲಾಗ ಬಂದಾಳ. ಬಾಗ್ಲಾ ತಗಿ, ಊಟಕ್ಕ ಹಾಕು" ಅಂದಳು.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಬಹಳ ಹೊತ್ತಿನ ಮೇಲೆ ನೋಡಿದರೆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಹನ್ನೊಂದನೆಯ ದಿನ ಅವ್ವ ಹೋದಳು. ನಿನಗೆ ಹೇಳಿಕಳಿಸಿದ್ದು ಮಣ್ಣಾದ ಮೇಲೆ.

ನಾನು ನಾಸಿಕ್‌ಗೆ ಮರಳಿದರೂ, ಅಂದಿನಿಂದ ಮಧ್ಯಾಹ್ನ ಒಂದರ ಸುಮಾರಿಗೆ ಯಾರೋ ಕದ ಬಡಿದಂತಾಗುತ್ತದೆ. ತೆರೆದರೆ ಯಾರೂ ಇರುವುದಿಲ್ಲ. ಒಳಕೋಣೆಯಿಂದ ಅವ್ವ ಅದೇ ಮಾತು ಹೇಳುತ್ತಾಳೆ. ಬಾಡಿಗೆ ಮನೆ ಎರಡು ಸಲ ಬದಲಿಸಿದೆ, ಅವಳೂ ಬಂದಳು. ಯಾರಿಗಾದರೂ ಬಡಿಸಿದ ದಿನ ಮಾತ್ರ ಸುಮ್ಮನಿರುತ್ತಾಳೆ. ಜನ ಅದನ್ನು ದಾನ ಅನ್ನುತ್ತಾರೆ. ನನಗೆ ಗೊತ್ತು, ಅದು ಅಂಜಿಕೆ.

ಈ ಪಾಪವನ್ನು ಬಚ್ಚಿಟ್ಟೇ ಇಷ್ಟು ವರ್ಷ ಪ್ರತಿ ಭಾನುವಾರ ಪರಮಪ್ರಸಾದ ತೆಗೆದುಕೊಂಡೆ. ಹೋದ ಬುಧವಾರ ಪಾಪನಿವೇದನೆಯಲ್ಲಿ ಫಾದರಿಗೆ ಎಲ್ಲ ಹೇಳಿದೆ. ಜಪಸರ ಎಷ್ಟು ಸಲ ಮಾಡಲಿ ಎಂದು ಕೇಳಿದೆ. ಅವರು ಮರಾಠಿಯಲ್ಲಿ ಮೆಲ್ಲಗೆ, ಮೊದಲು ತಂಗಿಗೆ ತಾಯಿಯ ಮಾತು ತಲುಪಿಸಿ ಅಂದರು. ಶಾಲು ಬೇಡವೆಂದು ಹೇಳಿಬಂದಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಅವ್ವ ನಿನ್ನನ್ನು ದೂರ ಮಾಡಿರಲಿಲ್ಲ. ಇಷ್ಟು ನಿನಗೆ ತಿಳಿದರೆ ಸಾಕು. ನಿನ್ನ ಯಜಮಾನರು ದೇವದಾಸರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಬಾಗಿಲು ಮುಚ್ಚಿದ ಅಕ್ಕ,
ಶೌರಮ್ಮ

ತಾ.ಕ.: ಇದನ್ನೂ ಮುಚ್ಚಿಡಬಾರದು. ಹೋದ ಗುರುವಾರ ಔರಂಗಾಬಾದಿಗೆ ಬಂದಿದ್ದೆ. ನಿನ್ನ ವಿಳಾಸ, ಮನೆಯವರ ಹೆಸರು ಎಲ್ಲ ಮುದಗಲ್ಲಿನ ಮಂದಿಯಿಂದ ತಿಳಿದಿತ್ತು. ದಂಡು ಪ್ರದೇಶದಲ್ಲಿ ನಿಮ್ಮ ಮನೆ ಹುಡುಕಿ ಗೇಟಿನ ಹತ್ತಿರ ನಿಂತಾಗ ನಿನ್ನ ಮಗಳು ಪ್ರಾಚಿ ಹೊರಬಂದು, ಯಾರು ಬೇಕಾಗಿತ್ತು ಆಜಿ ಎಂದು ಮರಾಠಿಯಲ್ಲಿ ಕೇಳಿದಳು. ನಿನ್ನ ಹೆಸರು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ "ಯಾರದು?" ಅಂದೆ ನೀನು. ಥೇಟು ಅವ್ವನ ದನಿ. ಮನೆ ತಪ್ಪಿತೆಂದು ಹೇಳಿ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ನೋಡದೆ ನಡೆದೆ. ಯಾರೂ ಇಲ್ಲವೆಂದು ಪ್ರಾಚಿ ನಿನಗೆ ಹೇಳಿರಬೇಕು. ಇದ್ದೆ, ಲೂರ್ದಿ. ನಾನಿದ್ದೆ.