ಕಪ್ಪೆಯೋ ಗಿಲಕಿಯೋ

ಮನೆಯಿಂದ,
ಮೇ ೧೪, ಭಾನುವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಹೇಗಿದೆ? ದಿನವಿಡೀ ವಾರ್ಡಿನಲ್ಲಿ ನಿಂತೇ ಇರುತ್ತೀಯ, ರೋಗಿಗಳಿಗೆಲ್ಲ ರೆಸ್ಟ್ ತಗೊಳ್ಳಿ ಅಂತ ಹೇಳುತ್ತೀಯ, ನಿನಗೆ ಯಾರು ಹೇಳಬೇಕು? ನಾನು ಹೇಳಿದರೆ ‘ಹೋಗೋ ಕನ್ನಡಕ’ ಅಂತ ಬಾಯಿ ಮುಚ್ಚಿಸುತ್ತೀಯ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನು ಕಳಿಸಿದ ಮಾತ್ರೆಗಳನ್ನು ಅಮ್ಮನಿಗೆ ತಪ್ಪದೆ ಕೊಡುತ್ತಿದ್ದೇವೆ. ಬೆಳಗಿನದನ್ನು ನುಂಗುತ್ತಾಳೆ, ಸಂಜೆಯದನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾಳೆ, ಗುಬ್ಬಿ ಅದನ್ನು ಹುಡುಕಿ ತೆಗೆದು ಅಜ್ಜಿಗೆ ಕ್ಲಾಸ್ ತಗೊಳ್ಳುತ್ತಾಳೆ. ಕಾಲಿನ ಊತ ಇಳಿದಿದೆ. ಉಸಿರು ಮಾತ್ರ ಎರಡು ಮೆಟ್ಟಿಲು ಹತ್ತಿದರೆ ಸಾಕು, ಕಟ್ಟಿಕೊಳ್ಳುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ಬಿಪಿ ಎಷ್ಟು, ಊಟ ಸೇರುತ್ತಾ ಅಂತ ಕೇಳಿ ಇಟ್ಟುಬಿಡುತ್ತೀಯ. ಅಷ್ಟರಲ್ಲಿ ನನಗೆ ಬಾಯಿ ಬಿಡುವುದಕ್ಕೇ ಆಗುವುದಿಲ್ಲ.

ಕನ್ನಡಕದ ಅಂಗಡಿ ನಡೆಯುತ್ತಿದೆ. ಅಪ್ಪನ ಅದೇ ಕುರ್ಚಿ, ಅದೇ ಅಕ್ಷರದ ಹಲಗೆ. ಬಂದವರ ಕಣ್ಣಿನ ಮುಂದೆ ಒಂದೊಂದೇ ಗಾಜು ಬದಲಾಯಿಸಿ, ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ ಅಂತ ದಿನಕ್ಕೆ ಇನ್ನೂರು ಸಲ ಕೇಳುವುದೇ ನನ್ನ ಬದುಕು. ನಿನ್ನೆ ಒಬ್ಬ ಮೇಷ್ಟ್ರು ಎರಡೂ ಒಂದೇ ಥರ ಇದೆ, ನೀವೇ ಆರಿಸಿಬಿಡಿ ಅಂದರು. ಅವರ ಕಣ್ಣಿಗೆ ನಾನು ಹೇಗೆ ಆರಿಸಲಿ, ಹೇಳು. ಹೀಗೆ ಊರಿಗೆಲ್ಲ ಆರಿಸಿಕೊಳ್ಳಿ ಅನ್ನುವವನು ನನ್ನ ಮಗಳು ಕೇಳುವ ಒಂದು ಪುಟ್ಟ ಪ್ರಶ್ನೆಗೆ ಉತ್ತರ ಕೊಡಲಾಗದೆ ಮೂರು ಭಾನುವಾರಗಳಿಂದ ತಲೆ ತಪ್ಪಿಸಿಕೊಂಡು ತಿರುಗುತ್ತಿದ್ದೇನೆ. ಅದಕ್ಕೇ ನಿನಗೆ ಬರೆಯುತ್ತಿರುವುದು.

ಗುಬ್ಬಿಗೆ ಈಗ ಹತ್ತು ತುಂಬಿತು. ಬಾಸ್ ಮೀನು ಹಿಡಿಯುವ ಹುಚ್ಚು ಹತ್ತಿದೆ. ನನ್ನ ಹೆಂಡತಿಯದೇ ಕೃಪೆ. ನೀರಿನ ಪಕ್ಕದಲ್ಲೇ ಬೆಳೆದವಳು, ಮಗಳಿಗೆ ಗಾಳ ಬೀಸುವುದನ್ನು ಅಂಗಳದಲ್ಲೇ ಕಲಿಸಿಬಿಟ್ಟಳು. ನಾನು ಇಪ್ಪತ್ತೇಳು ವರ್ಷ ಆ ಕೆರೆಯ ಕಡೆ ಮುಖ ಹಾಕಿದವನಲ್ಲ, ನಿನಗೆ ಗೊತ್ತು. ಆದರೆ ಕಳೆದ ವರ್ಷದ ಕೊನೆಯಲ್ಲಿ ತೂಬು ರಿಪೇರಿಗೆ ಅಂತ ಕೆರೆಯ ನೀರನ್ನು ಅರ್ಧಕ್ಕೂ ಕಡಿಮೆ ಮಾಡಿದರು. ನೋಡೋಣ ಬಾ ಅಂತ ಗುಬ್ಬಿ ಕೈ ಹಿಡಿದು ಎಳೆದುಕೊಂಡು ಹೋದಳು. ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಹೋದೆವು. ಆ ಮುಳುಗಿದ ಮರ ಹೊರಗೆ ಬಂದು ನಿಂತಿತ್ತು, ಅಕ್ಕಾ. ಕಪ್ಪಗೆ, ಒಂದೂ ಎಲೆಯಿಲ್ಲದೆ, ನಾವು ನೋಡಿದಾಗ ನೀರಿನ ಮೇಲೆ ಕಾಣುತ್ತಿದ್ದ ಆ ಎರಡು ಕೊಂಬೆಯ ತುದಿಗಳ ಕೆಳಗೆ ಅಷ್ಟು ದೊಡ್ಡ ಮರ. ಗುಬ್ಬಿ ಏನೋ ಕಿತ್ತುಕೊಂಡು ಓಡಿಬಂದಳು. ಅವಳ ಅಂಗೈಯಲ್ಲಿ ಅಪ್ಪನ ಗಿಲಕಿ, ಗಾಳದ ದಾರಕ್ಕೆ ಕಟ್ಟುತ್ತಿದ್ದ ಆ ಬೊಂಬೆ.

ಬಣ್ಣವೆಲ್ಲ ಹೋಗಿ ಬರೀ ಮರ ಉಳಿದಿದೆ. ಕೊಕ್ಕೆ ತುಕ್ಕು ಹಿಡಿದು ಮುಟ್ಟಿದರೆ ಪುಡಿ. ಮುರಿದ ಕುರ್ಚಿಯ ಕಾಲನ್ನು ಮೀನಿನ ಆಕಾರಕ್ಕೆ ಕೆತ್ತಿ, ಹೊಟ್ಟೆ ಕೊರೆದು, ಸೈಕಲ್ಲಿನ ಸಣ್ಣ ಗುಂಡುಗಳನ್ನು ತುಂಬಿ ಅಪ್ಪ ಅಂಟು ಹಾಕಿದ್ದರಲ್ಲ, ಆ ಗುಂಡುಗಳು ಮಾತ್ರ ಇನ್ನೂ ಹಾಗೇ ಗಿಲಿಗಿಲಿ ಅನ್ನುತ್ತವೆ. ಗುಬ್ಬಿ ಅದನ್ನು ತೊಳೆದು, ಹೊಸ ಕೊಕ್ಕೆ ಹಾಕಿ, ನಡುಮನೆಯ ಗೂಡಿನಲ್ಲಿ ಇಟ್ಟಳು. ಅಂದಿನಿಂದ ಈ ಮನೆ ಮನೆಯಾಗಿಲ್ಲ. ಬೀದಿಯಲ್ಲಿ ಬಸ್ಸು ಹೋದಾಗ ಅದು ಸದ್ದು ಮಾಡುತ್ತದೆ, ಸರಿ, ಒಪ್ಪಿದೆ. ಬಸ್ಸಿಲ್ಲದ ಮಧ್ಯಾಹ್ನ, ಗಾಳಿಯಿಲ್ಲದ ಹೊತ್ತಿನಲ್ಲೂ ಮಾಡುತ್ತದೆ. ನನ್ನ ಹೆಂಡತಿ ನಿಮ್ಮ ಕಿವಿ ತೋರಿಸಿಕೊಳ್ಳಿ ಅನ್ನುತ್ತಾಳೆ. ಅಂಗಡಿಯಲ್ಲಿ ಗಾಜು ಬದಲಾಯಿಸುತ್ತಾ ಇದಾ, ಅದಾ ಅಂತ ಕೇಳುವಾಗ ಬೆನ್ನ ಹಿಂದೆ ಅದೇ ಸದ್ದು ಕೇಳುತ್ತದೆ. ಹಲಗೆಯ ಪಕ್ಕದ ಕನ್ನಡಿಯಲ್ಲಿ ಕುರ್ಚಿಯಲ್ಲಿ ಕೂತವರ ಅಂಗಿ ಒದ್ದೆಯಾದಂತೆ ಕಾಣುತ್ತದೆ. ತಿರುಗಿ ನೋಡಿದರೆ ಒಣಗಿಯೇ ಇರುತ್ತದೆ. ಊರಿನವರ ಕಣ್ಣು ನೋಡುವವನ ಕಣ್ಣು ಹೀಗಾಗಿದೆ ಅಂತ ಯಾರ ಹತ್ತಿರ ಹೇಳಿಕೊಳ್ಳಲಿ?

ಅಮ್ಮ ಆ ಸದ್ದು ಕೇಳಿದ ಮೊದಲ ದಿನವೇ ಗೋಡೆಯ ಕಡೆ ತಿರುಗಿ ಮಲಗಿದಳು. ಮಾರನೆಯ ದಿನ ಗುಬ್ಬಿಯನ್ನು ಕರೆದು ತನ್ನ ಹೊಲಿಗೆ ಡಬ್ಬಿಯ ತಳದಿಂದ ಒಂದು ಬಟ್ಟೆಯ ಗಂಟು ತೆಗೆಸಿದಳು. ಅದರಲ್ಲಿ ಹಸಿರು ರಬ್ಬರ್ ಕಪ್ಪೆ. ಅಪ್ಪನ ಇನ್ನೊಂದು ಬೊಂಬೆ. ಇಷ್ಟು ವರ್ಷ ಅದು ಅಮ್ಮನ ಹತ್ತಿರ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ, ಹೇಗೆ ಬಂತು ಅಂತ ಕೇಳಿದರೆ ಹೇಳಲೂ ಇಲ್ಲ. ಇದನ್ನ ತಗೋ ಪುಟ್ಟಿ, ಅದು ಬೇಡ ಅಂದಳಂತೆ. ಹಾಗಂದರೆ ನಮ್ಮ ಮನೆಯ ಮಕ್ಕಳು ಕೇಳುತ್ತಾರೆಯೇ? ಈಗ ಅವಳಿಗೆ ಎರಡೂ ಬೇಕು. ಅಪ್ಪನ ನಿಯಮ ಅವಳಿಗೆ ಹೇಳಿಕೊಟ್ಟ ದಡ್ಡನೂ ನಾನೇ.

ನೆನಪಿದೆಯಲ್ಲ ನಿನಗೆ? ದಾರದ ತುದಿಗೆ ಕಟ್ಟುವ ಬೊಂಬೆಯನ್ನು ಗಾಳ ಹಾಕುವವನೇ ಆರಿಸಬಾರದು, ಬೇರೆಯವರು ಆರಿಸಬೇಕು. ಮೀನು ಸಿಗದಿದ್ದರೆ ಬೈಯುವುದಕ್ಕೆ ಒಬ್ಬರು ಇರಲಿ ಅಂತ ಅಪ್ಪ ನಗುತ್ತಿದ್ದರು. ಒಂದು ವಾರ ನಿನ್ನ ಸರದಿ, ಒಂದು ವಾರ ನನ್ನದು. ಆರಿಸಿದವರು ಉಳಿದ ಬೊಂಬೆಯನ್ನು ಮನೆಗೆ ಬರುವ ತನಕ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಮಧ್ಯದಲ್ಲಿ ಮನಸ್ಸು ಬದಲಾಯಿಸುವಂತಿಲ್ಲ. ಕಪ್ಪೆ ನೀರಿನ ಮೇಲೆ ತೇಲುತ್ತದೆ, ಜೊಂಡಿನ ಮೇಲೆ ಹಾಯಾಗಿ ಜಾರುತ್ತದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಗಿಲಕಿ ಮುಳುಗುತ್ತದೆ, ಅದರ ಸದ್ದಿಗೆ ತಳದ ದೊಡ್ಡ ಬಾಸ್ ಸಿಟ್ಟಾಗಿ ಬಂದು ಕಚ್ಚುತ್ತದೆ, ಆದರೆ ಕೊಂಬೆ ಬೇರುಗಳಿಗೂ ಅದೇ ಮೊದಲು ಸಿಗುತ್ತದೆ. ಅಮ್ಮ ಅವತ್ತು ಬೆಳಗ್ಗೆಯೂ ಬಾಗಿಲಲ್ಲಿ ನಿಂತು, ಆ ಮರದ ಹತ್ತಿರ ಗಿಲಕಿ ಬೇಡ ಅಂದಿದ್ದಳು.

ಅವತ್ತು ನಿನ್ನ ಸರದಿ. ಅಪ್ಪನ ದಾರಕ್ಕೆ ಗಿಲಕಿ ಬಿತ್ತು. ಮೂರನೆಯ ಸಲ ಬೀಸಿದಾಗಲೇ ಮರಕ್ಕೆ ಸಿಕ್ಕಿಕೊಂಡಿತು. ಬಿಡಿಸೋಣ ಅಂತ ದೋಣಿಯನ್ನು ಹತ್ತಿರ ತೆಗೆದುಕೊಂಡು ಹೋಗಿ, ಅಪ್ಪ ಬಗ್ಗಿ ಕೈ ಚಾಚಿದರು, ದೋಣಿ ವಾಲಿತು, ಅಪ್ಪ ನೀರಿಗೆ ಬಿದ್ದರು. ಆ ದಪ್ಪ ಬೂಟು, ಆ ದಪ್ಪ ಕೋಟು. ನೀನು ಒಂದು ಕೈಯಲ್ಲಿ ನನ್ನ ಕಾಲರ್ ಹಿಡಿದಿದ್ದೆ, ಇನ್ನೊಂದು ಕೈಯಲ್ಲಿ ಹುಟ್ಟು ಚಾಚುತ್ತಿದ್ದೆ, ಅದು ಅಪ್ಪನ ಕೈಗೆ ಗೇಣು ದೂರದಲ್ಲೇ ಉಳಿಯಿತು. ನನ್ನ ಕಾಲರ್ ಬಿಟ್ಟಿದ್ದರೆ ಎಟುಕುತ್ತಿತ್ತು ಅಂತ ನೀನು ಯಾವತ್ತೂ ಹೇಳಲಿಲ್ಲ. ಮನೆಗೆ ಬಂದಾಗ ಅಮ್ಮ ಕೇಳಿದ್ದು ಒಂದೇ ಮಾತು, ‘ಯಾರು ಆರಿಸಿದ್ದು?’ ನಾನು ‘ಅಕ್ಕನ ಸರದಿ’ ಅಂದೆ. ನೀನು ನನ್ನ ಮುಖ ನೋಡಿದೆ, ಸುಮ್ಮನಾದೆ. ಆಮೇಲೆ ಅಮ್ಮ ನಿನಗೆ ತರಕಾರಿ ಆರಿಸುವುದಕ್ಕೂ ಬಿಡಲಿಲ್ಲ. ನೀನು ಆರಿಸಿದ್ದು ಸಾಕು ಅನ್ನುತ್ತಿದ್ದಳು. ಮೂರು ವರ್ಷ ಅದನ್ನು ಕೇಳಿಸಿಕೊಂಡು ನರ್ಸಿಂಗ್ ಓದುವುದಕ್ಕೆ ಹೋದವಳು ಆಮೇಲೆ ಈ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಈಗಂತೂ ಆರು ವರ್ಷದಿಂದ ಬರೀ ಮಾತ್ರೆ ಬರುತ್ತದೆ, ನೀನು ಬರುವುದಿಲ್ಲ.

ಕೆರೆಗೆ ಮತ್ತೆ ನೀರು ಬಂದಿದೆ. ಮುಂದಿನ ಭಾನುವಾರ ದಂಡೆಯಿಂದಲೇ ಗಾಳ ಹಾಕುತ್ತೇನೆ, ದೋಣಿ ಬೇಡ ಅಂತ ಗುಬ್ಬಿ ಅಜ್ಜಿಗೆ ಮಾತು ಕೊಟ್ಟಿದ್ದಾಳೆ. ಪ್ರತಿ ವಾರ ಎರಡು ಮುಷ್ಟಿ ಚಾಚಿ ‘ಅಪ್ಪ, ಕಪ್ಪೆನಾ ಗಿಲಕಿನಾ? ಬೇಗ ಹೇಳು’ ಅನ್ನುತ್ತಾಳೆ. ನಾನು ಅಂಗಡಿಯಲ್ಲಿ ಕೆಲಸವಿದೆ, ತಲೆನೋವು, ಚಪ್ಪಲಿ ಕಿತ್ತುಹೋಗಿದೆ ಅಂತ ಏನೇನೋ ನೆಪ ಹೇಳಿ ಜಾರಿಕೊಳ್ಳುತ್ತೇನೆ. ಕಪ್ಪೆ ಅನ್ನುವುದು ಎಷ್ಟು ಸುಲಭ. ಆದರೆ ಬಾಯಿ ತೆರೆದರೆ ನಾಲಿಗೆ ಗಿಲಕಿ ಅಂದುಬಿಡುತ್ತದೇನೋ ಅನ್ನುವ ಭಯ ನನಗೆ. ಯಾವುದು ಅಂತ ನೀನೇ ಆರಿಸಿ ಬರೆ, ನಾನು ಓದಿ ಹೇಳಿಬಿಡುತ್ತೇನೆ.

ಮೈ ಕಡೆ ಗಮನ ಇರಲಿ. ಬಿಸಿನೀರಿನ ಚೀಲ ಸೊಂಟಕ್ಕೆ ಇಟ್ಟುಕೋ, ಡ್ಯೂಟಿ ಬದಲಾಯಿಸಿಕೊಡಿ ಅಂತ ದೊಡ್ಡ ಸಿಸ್ಟರ್ ಹತ್ತಿರ ಕೇಳುವುದಕ್ಕೆ ನಾಚಿಕೊಳ್ಳಬೇಡ. ಗುಬ್ಬಿ ಅತ್ತೆಗೆ ಮುತ್ತು ಅಂತ ಬರೆಯಲು ಹೇಳುತ್ತಿದ್ದಾಳೆ, ನನ್ನ ಹೆಂಡತಿಯ ನಮಸ್ಕಾರ.

ಇಂತಿ ನಿನ್ನ ತಮ್ಮ,
ಕನ್ನಡಕ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಬರೆದದ್ದನ್ನು ಓದಿ ನೋಡಿದೆ. ‘ಅವತ್ತು ನಿನ್ನ ಸರದಿ’ ಅಂತ ಇವತ್ತೂ ಬರೆದಿದ್ದೇನೆ, ಥೂ ನನ್ನ. ಸರದಿ ನಿನ್ನದೇ, ಆದರೆ ನಾನು ದೋಣಿಯಲ್ಲಿ ಅತ್ತು ರಂಪ ಮಾಡಿ ಕಿತ್ತುಕೊಂಡೆ. ಕಪ್ಪೆ ಅನ್ನು ಅಂತ ನೀನು ನನ್ನ ಕಿವಿಯಲ್ಲಿ ಹೇಳಿದೆ. ಕಪ್ಪೆ ದಿನವಿಡೀ ನನ್ನ ಜೇಬಿನಲ್ಲಿ ಇರಲಿ ಅನ್ನುವ ಆಸೆಗೆ ನಾನು ಗಿಲಕಿ ಅಂದೆ. ಈಗಷ್ಟೇ ಅಮ್ಮನ ಹಾಸಿಗೆಯ ಹತ್ತಿರ ಹೋಗಿ ಇದನ್ನು ಹೇಳಿದೆ. ಅವಳು ಗೋಡೆಯ ಕಡೆಯಿಂದ ತಿರುಗಲಿಲ್ಲ. ‘ಗೊತ್ತು ಕಣೋ. ಅವತ್ತು ನಿನ್ನ ಒದ್ದೆ ಅಂಗಿ ಬಿಚ್ಚಿದ್ದು ನಾನೇ ಅಲ್ವಾ, ಕಪ್ಪೆ ನಿನ್ನ ಜೇಬಲ್ಲೇ ಇತ್ತು. ನೀನು ಚಿಕ್ಕೋನು, ತಡ್ಕೊಳ್ಳಲ್ಲ ಅನ್ನಿಸ್ತು. ಅವಳು ತಡ್ಕೋತಾಳೆ ಅಂದ್ಕೊಂಡೆ’ ಅಂದಳು. ಆಮೇಲೆ, ‘ಅವಳು ಬರ್ತಾಳಾ ಕೇಳು’ ಅಂದಳು. ಇಪ್ಪತ್ತೇಳು ವರ್ಷ ಗೊತ್ತಿದ್ದೂ ಗೊತ್ತಿದ್ದೂ ನಾವಿಬ್ಬರೂ ನಿನ್ನ ಮೇಲೆ ಹೊರಿಸಿ ಅನ್ನ ತಿಂದಿದ್ದೇವೆ, ಅಕ್ಕಾ. ನೀನು ಬೈದು ಬರೆದರೂ ಸರಿ, ಬರೆಯದಿದ್ದರೂ ಸರಿ. ಕಪ್ಪೆ, ಗಿಲಕಿ ಎರಡನ್ನೂ ಒಟ್ಟಿಗೆ ಎತ್ತಿಡಲು ಗುಬ್ಬಿಗೆ ಹೇಳಿದ್ದೇನೆ. ನೀನು ಬರುವ ತನಕ ಈ ಮನೆಯಲ್ಲಿ ಯಾರೂ ಆರಿಸುವುದಿಲ್ಲ. ಸರದಿ ನಿನ್ನದು.